ಕಪ್ಪುಗಣ್ಣು

ಮೊದಲೆಲ್ಲ ಆ ಬಂಡೆ ಬಂತೆಂದು ಮೂಗು ಹೇಳುತ್ತಿತ್ತು,
ಶೆಟ್ಲೆಂಡಿನ ತೀರ ಬಿಟ್ಟು ಅರ್ಧ ಗಂಟೆಗೆ.
ಆಮೇಲೆ ಕಿವಿ. ಕೊನೆಗೆ ಕಣ್ಣು:
ಕರೀ ಕಲ್ಲಿಗೆ ಸುಣ್ಣ ಎರಚಿದ ಹಾಗೆ
ಸೋಲನ್ ಹಕ್ಕಿಗಳ ಸಂತೆ,
ಕೊಕ್ಕಿಗೆ ಕೊಕ್ಕು ತಾಕುವಷ್ಟೇ ಅಂತರ,
ಒಂದಂಗುಲ ಹೆಚ್ಚು ಕೇಳಿದರೆ ಜಗಳ.

ಆ ಜೂನಿನಲ್ಲಿ ಲೌರಿ ಎಂಜಿನ್ ನಿಲ್ಲಿಸಿದ.
ಕಿವಿಗೆ ಏನೂ ಬರಲಿಲ್ಲ.
"ಗಾಳಿ ಆ ಕಡೆಗಿದೆ" ಅಂದ.
ಗಾಳಿ ಓಸ್ಲಾಳ ಮುಖಕ್ಕೇ ಬೀಸುತ್ತಿತ್ತು.

ನೀರಿನ ಮೇಲೆ ಬಿಳಿ ದಿಂಬುಗಳು.
ಹತ್ತಿರ ಹೋದರೆ ಆರಡಿ ರೆಕ್ಕೆ ಬಿಚ್ಚಿಕೊಂಡು,
ಮೈಯನ್ನೇ ಈಟಿ ಮಾಡಿ ಬಂಗಡೆಗೆ ಎರಗುತ್ತಿದ್ದವು
ಅಲೆ ಎತ್ತಿದಾಗ ಏಳುತ್ತ, ಇಳಿಸಿದಾಗ ಇಳಿಯುತ್ತ.
ಅವಳ ಕೈಯಲ್ಲಿ ಎಣಿಕೆಯ ಪುಟ್ಟ ಯಂತ್ರ,
ಒತ್ತಿದರೆ ಟಿಕ್.
ಹದಿನೆಂಟು ಬೇಸಿಗೆ ಜೀವ ಎಣಿಸಿದ ಹೆಬ್ಬೆರಳು
ನಾನೂರ ಹನ್ನೆರಡಕ್ಕೆ ನಿಂತಿತು.
ಬೆರಳು ನೋಯುತ್ತಿದೆ, ಅಂದಳು.

ಎಲ್ಲಿಂದ ಬಂತು?
ದಕ್ಷಿಣ ಚೀನಾದ ಯಾವುದೋ ಸಾಕಿದ ಹೆಬ್ಬಾತಿನಿಂದ
ಅನ್ನುತ್ತಾರೆ ತಿಳಿದವರು, ಓಸ್ಲಾಳ ಮಗಳಿಗೆ
ಹಾಲುಹಲ್ಲು ಬೀಳುತ್ತಿದ್ದ ಕಾಲ.
ಕಾಡುಬಾತಿನ ಕರುಳಲ್ಲಿ ತಲೆತಲಾಂತರ ಬಾಡಿಗೆಗಿದ್ದು
ಮನೆಯವರ ನಿದ್ದೆ ಕೆಡಿಸದ ಸಾಧುಗಳ ವಂಶ
ಸಾಕಿದವುಗಳ ದೊಡ್ಡಿ ಹೊಕ್ಕಿತು,
ಒಂದೇ ಸೂರು, ಒಂದೇ ತಳಿ, ಒಂದೇ ವಯಸ್ಸಿನ
ಮೂವತ್ತು ಸಾವಿರ ಉಸಿರು.
ಅಲ್ಲಿ ಕಲಿತದ್ದನ್ನು ಹೊತ್ತು ಮತ್ತೆ ಕೆರೆಗಿಳಿಯಿತು,
ಕೆರೆಯಿಂದ ಆಕಾಶಕ್ಕೆ.

ಎಂಟು ಚೂರು ಓಲೆ, ಅಷ್ಟೇ ಅದರ ಆಸ್ತಿ.
ನಕಲಿಳಿಸುವ ಕೈಗೆ ಆತುರ, ತಿದ್ದುವ ಗುರುವಿಲ್ಲ.
ಎರಡು ಬಗೆ ಒಂದೇ ಬಾತಿನೊಳಗೆ ಎದುರಾದರೆ
ಇಸ್ಪೀಟಿನಂತೆ ಕಲೆಸಿ ಹಂಚಿಕೊಳ್ಳುತ್ತವೆ.
ನನ್ನ ನುಡಿಯಲ್ಲೂ ಉಂಟು ಈ ಅಪಾಯ:
ಉಸಿರು ತುಸು ಸಡಿಲಿದರೆ
ಹಕ್ಕಿ ಅಕ್ಕಿಯಾಗುತ್ತದೆ.
ನಾವು ನಗುತ್ತೇವೆ, ತಿದ್ದುತ್ತೇವೆ.
ಅಲ್ಲಿ ತಪ್ಪುಗಳು ರಾಶಿ ರಾಶಿ ತಾವೇ ಸಾಯುತ್ತವೆ,
ಯಾವುದೋ ಒಂದಕ್ಕೆ ಬಾಗಿಲು ತೆರೆಯುತ್ತದೆ.
ಹಗೆಯಿಂದಲ್ಲ. ಹೋಗಬೇಕೆಂಬ ಊರೂ ಅದಕ್ಕಿಲ್ಲ.
ಆದರೂ ಪೆರುವಿನ ಹೆಜ್ಜಾರ್ಲೆಗೆ ಹೋಯಿತು,
ಮರಳಲ್ಲಿ ಬಿಸಿಲು ಕಾಯಿಸುತ್ತಿದ್ದ ಕಡಲಸಿಂಹಕ್ಕೂ.

ನವೆಂಬರಿನಲ್ಲಿ ಓಸ್ಲಾಳಿಗೇ ಹುಕುಂ:
ಹನ್ನೊಂದು ಹೇಟೆ, ಒಂದು ಹುಂಜ, ಒಳಗೇ ಇರತಕ್ಕದ್ದು.
ಹುಂಜ ಕತ್ತಲಲ್ಲಿ ಹೊತ್ತು ತಪ್ಪಿ ಕೂಗಿತು.
ಆಚೆ ದ್ವೀಪದ ಗಿಬ್ಬಿಯ ಫಾರಂಗೆ
ಬಿಳಿ ಅಂಗಿಯವರು ಬಂದರು, ಸಂಜೆಯೊಳಗೆ ಹೋದರು.
ಮಾರನೆಯ ಬೆಳಗ್ಗೆ ಐದಕ್ಕೆ ಎದ್ದು
ಗಿಬ್ಬಿ ಖಾಲಿ ಶೆಡ್ಡಿಗೆ ಲೈಟು ಹಾಕಿದನಂತೆ,
ಕಾಳಿನ ಬಕೆಟ್ಟು ಕೈಯಲ್ಲೇ.

ಮೂರನೆಯ ಬೇಸಿಗೆ.
ಬಂಡೆಯ ಮೇಲೆ ಈಗ ಧಾರಾಳ ಜಾಗ,
ಒಂದು ಗೂಡಿಗೂ ಇನ್ನೊಂದಕ್ಕೂ ನಡುವೆ ಮಾರು ಮಾರು.
ಮೊಣಕಾಲೂರಿ ತೆವಳಿ ಹೋದಳು.
ಸೋಲನ್ನಿನ ಕಣ್ಣು ತಿಳಿನೀಲಿ,
ಮೀನಿನ ಬೆನ್ನಿಗೆ ಬೆಳಕು ಬಿದ್ದ ಹಾಗೆ.
ಇದರದ್ದು ಕಪ್ಪು.
ಪಾಪೆಯ ಸುತ್ತಿನ ನೀಲಿ ಬಳೆಗೆ ಮಸಿ ಕವಿದಿದೆ,
ಜ್ವರ ಹೊಕ್ಕು ಹೊರಟದ್ದಕ್ಕೆ ರಸೀದಿ.
ಈ ಕಣ್ಣಿಗೆ ನೀರೊಳಗಿನ ಬಂಗಡೆ
ಸ್ಪಷ್ಟವೋ ಮಸುಕೋ, ಅವಳಿಗೆ ಗೊತ್ತಿಲ್ಲ.

ಜೋಡಿ ಬಂದಿಳಿಯಿತು, ಕೊಕ್ಕಲ್ಲಿ ಹಸಿರು ನೈಲಾನ್ ಹಗ್ಗದ ಚೂರು.
ಅದರ ಕಣ್ಣು ನೀಲಿ.
ಎರಡೂ ಕತ್ತು ನೀಡಿ, ಕತ್ತಿಗೆ ಕತ್ತಿ ಮಸೆವಂತೆ
ಕೊಕ್ಕು ತೀಡಿದವು, ಬಹಳ ಹೊತ್ತು.
ಕಪ್ಪುಗಣ್ಣಿನದು ತುಸು ಎದ್ದು ಜಾಗ ಬಿಟ್ಟಾಗ
ಅಗಲ ಪಾದದ ಕೆಳಗೆ ಕಂಡಿತು
ಕೆಸರು ಮೆತ್ತಿದ ಒಂದು ಮೊಟ್ಟೆ.

ಹೆಬ್ಬೆರಳು ಗುಂಡಿಯ ಮೇಲಿತ್ತು.
"ಎಷ್ಟಾಯ್ತು?" ಕೆಳಗಿನ ದೋಣಿಯಿಂದ ಲೌರಿ.
"ಇರು" ಅಂದಳು,
ಅವನಿಗೋ, ಅದಕ್ಕೋ.